ಕೇಬಲ್ ಕರಾರಿನ ಕಡತ

ಫೆಬ್ರವರಿ 17, ಸೋಮವಾರ

ನಿವೃತ್ತಿಯಾಗಿ ಇಂದಿಗೆ ಹದಿನೇಳು ದಿನ. ಹೆಂಡತಿ ಮಹಾಮಾಯಾ ಎಂಟೂವರೆಗೆಲ್ಲ ಸ್ಕೂಟಿ ಹತ್ತಿ ಅಷ್ಟೂರಿನ ಶಾಲೆಗೆ ಹೋದಳು. ಆಕೆಯ ಸೇವೆ ಇನ್ನೂ ಮೂರು ವರ್ಷ ಇದೆ. ನಾನು ಪತ್ರಿಕೆಯನ್ನು ಎರಡು ಸಲ ಓದಿದೆ. ಎರಡನೆಯ ಸಲ ಟೆಂಡರ್ ಪ್ರಕಟಣೆಗಳನ್ನೂ ಬಿಡಲಿಲ್ಲ. ಒಂದರಲ್ಲಿ ದಿನಾಂಕ ತಪ್ಪಾಗಿತ್ತು. ಯಾರಿಗೆ ಹೇಳುವುದು?

ಔರಾದಿನ ತಹಶೀಲ್ ಕಚೇರಿಯಲ್ಲಿ ಈ ಹೊತ್ತಿಗೆ ನನ್ನ ಕೋಣೆಯ ಹೊರಗೆ ನಲವತ್ತು ಜನ ನಿಂತಿರುತ್ತಿದ್ದರು. ನಾಗಸೇನ ಸಾಹೇಬರು ಓದದೆ ಒಂದು ಕಾಗದವನ್ನೂ ಮುಂದೆ ಕಳಿಸುವವರಲ್ಲ ಎಂದು ನನಗೆ ಹೆಸರಿತ್ತು. ಇಂದು ನೌಬಾದದ ಈ ಮನೆಗೆ ಬಂದವನು ಹಾಲಿನವನೊಬ್ಬನೇ. ಅವನೂ ಪಾತ್ರೆ ನೋಡಿ ಹಾಲು ಹಾಕಿ ಹೋದ, ನನ್ನನ್ನು ನೋಡಲಿಲ್ಲ.

ಸಂಜೆ ಮೇಲಿನ ಮನೆಯ ಲಿಲ್ಲಿ ಸಿಸ್ಟರ್ ಆಸ್ಪತ್ರೆಯಿಂದ ಬರುವಾಗ ಬಿಪಿ ನೋಡಿದರು. ಹೆಚ್ಚಿದೆ. "ಉಪ್ಪು ಕಡಿಮಿ ಮಾಡ್ರಿ ಸಾಹೇಬ್ರ. ಹೊರಗ ನಾಕ ಹೆಜ್ಜಿ ಅಡ್ಡಾಡ್ರಿ" ಎಂದರು. ಒಂಬತ್ತು ವರ್ಷದಿಂದ ನಮ್ಮಲ್ಲಿ ಬಾಡಿಗೆಗಿದ್ದಾರೆ. ಮಗಳು ಸುಜಿಯೂ ಈಗ ನರ್ಸಿಂಗ್ ಮುಗಿಸಿದ್ದಾಳೆ. ಒಳ್ಳೆಯ ಜನ. ಆದರೆ ಅಡ್ಡಾಡಲು ಎಲ್ಲಿಗೆ ಹೋಗಲಿ, ಯಾವ ಕೆಲಸದ ಮೇಲೆ ಹೋಗಲಿ?

ಫೆಬ್ರವರಿ 20, ಗುರುವಾರ

ಒಬ್ಬ ತರುಣ ಬಂದಿದ್ದ. ಹೆಸರು ಆಶೀಶ, ಹಲಬರ್ಗಾದವನು. ಕೊರಳಲ್ಲಿ ಟೈ. 'ಝಳಕ್ ಫೈಬರ್‌ನೆಟ್' ಎಂಬ ಕಂಪನಿಯ ಪ್ರತಿನಿಧಿಯಂತೆ. ನಮ್ಮ ಕಟ್ಟಡದ ಮೇಲಿನ ನಾಲ್ಕೂ ಮನೆಗಳಿಗೆ ಅವರ ಇಂಟರ್ನೆಟ್ ತಂತಿ ಎಳೆಯಬೇಕಂತೆ. ಹತ್ತು ವರ್ಷ ಬೇರೆ ಯಾರ ತಂತಿಯೂ ಕಟ್ಟಡದೊಳಗೆ ಬರಬಾರದು. ಅದಕ್ಕೆ ಬದಲಾಗಿ ಮಾಲೀಕರ ಮನೆಗೆ ಎಲ್ಲ ಪುಕ್ಕಟೆ.

ಪುಕ್ಕಟೆ ಎಂಬ ಮಾತು ನನಗೆ ತಟ್ಟಲಿಲ್ಲ. ಆದರೆ ಹುಡುಗ ಸಂಸ್ಕಾರವಂತ. ಕೂಡಲು ಹೇಳುವವರೆಗೆ ನಿಂತೇ ಇದ್ದ. ಹತ್ತು ನಿಮಿಷದಲ್ಲಿ ಹನ್ನೊಂದು ಸಲ ಸಾಹೇಬ್ರ ಎಂದ.

"ಕಾಗದ ಇಟ್ಟು ಹೋಗು. ಪರಿಶೀಲಿಸ್ತೀನಿ."

"ಯಾವಾಗ ಬರ್ಲಿ ಸಾಹೇಬ್ರ?"

ಆ ಪ್ರಶ್ನೆ ಕೇಳಿ ಎಷ್ಟು ದಿನವಾಗಿತ್ತು! "ಸೋಮವಾರ ಬಂದು ನೋಡು" ಎಂದೆ.

ಫೆಬ್ರವರಿ 23, ಭಾನುವಾರ

ಕರಾರಿನ ಕರಡು ಹತ್ತೊಂಬತ್ತು ಪುಟ, ಇಂಗ್ಲಿಷಿನಲ್ಲಿದೆ. ಎರಡು ದಿನ ಕೂತು ಓದಿ ಮೂವತ್ತಾರು ಆಕ್ಷೇಪಣೆ ಬರೆದೆ. ಅಲ್ಪವಿರಾಮದ ತಪ್ಪುಗಳನ್ನು ಇದರಲ್ಲಿ ಹಿಡಿದಿಲ್ಲ, ಅವುಗಳಿಗೆ ಪ್ರತ್ಯೇಕ ಹಾಳೆ.

ಸುದ್ದಿ ಅದು ಹೇಗೋ ಕೇಬಲ್‌ನ ಚಾಂದ ಪಾಶಾನಿಗೆ ಮುಟ್ಟಿದೆ. ಈಗ ಮೇಲಿನ ಮನೆಗಳಿಗೆ ಟಿವಿ, ಇಂಟರ್ನೆಟ್ ಎರಡೂ ಹೋಗುವುದು ಅವನ ತಂತಿಯಿಂದ. ನಮ್ಮ ಮಾಳಿಗೆಯ ಮೇಲೆ, ತೆರೆದ ತಾರಸಿಯಲ್ಲಿ, ಆ ತಂತಿಗಳನ್ನು ಕೂಡಿಸುವ ಅವನದೊಂದು ಡಬ್ಬಿಯಿದೆ. ಮಧ್ಯಾಹ್ನ ಬಂದು ಬಾಗಿಲ ಮುಂದಿನ ಪಾವಟಿಗೆಯ ಮೇಲೆ ಕೂತ.

"ಹನ್ನೊಂದು ವರ್ಸಾತು ಸಾಹೇಬ್ರ, ನನ್ನ ಡಬ್ಬಿ ನಿಮ್ಮ ಮಾಳಗಿ ಮ್ಯಾಲ ಅದ. ಒಂದ ದಿನ ತಂಟೆ ಆಗಿಲ್ಲ."

"ಪರವಾನಗಿ ಕಾಗದ ಎಲ್ಲದ?"

"ಕಾಗದ ಯಾಕ್ರಿ? ಎಲ್ಲಾ ಜಬಾನ್ ಮ್ಯಾಲ, ಬಾಯಿ ಮಾತಿನ ಮ್ಯಾಲ ನಡದದ."

"ಅದ ತಪ್ಪು. ನಿನ್ನ ಡಬ್ಬಿ ಕಣ್ಣಿಗಿ ಕಾಣ್ತದ, ಕಡತದಾಗ ಇಲ್ಲ."

ಅರ್ಜಿ ಕೊಡಲು ಹೇಳಿದೆ. ಸಂಜೆ ಪೇಟೆಗೆ ಹೋಗಿ ಬರುವ ಕಾಗದಕ್ಕೆ ಆವಕ ವಹಿ, ಹೋಗುವುದಕ್ಕೆ ಜಾವಕ ವಹಿ, ಎರಡು ಫೈಲು, ಒಂದು ರಬ್ಬರ್ ಮೊಹರು ತಂದೆ.

ಮಾರ್ಚ್ 5, ಬುಧವಾರ

ಮೇಜನ್ನು ಪಡಸಾಲೆಗೆ ತಂದೆ. ಬಂದವರು ಕೂಡಲು ಹೊರಗೆ ಒಂದು ಬೆಂಚು ಹಾಕಿಸಿದೆ. ಮೇಜಿನ ಮೇಲೆ ಕರೆಗಂಟೆ ಇಟ್ಟೆ.

ಮಹಾಮಾಯಾ ಶಾಲೆಯಿಂದ ಬಂದವಳು ಗಂಟೆಯನ್ನು ಒಮ್ಮೆ ಬಾರಿಸಿ ನೋಡಿದಳು. "ಇದ್ಯಾಕ್ರಿ?"

"ಭೇಟಿಗೆ ಬರೋರನ್ನ ಒಳಗ ಕರೀಲಿಕ್ಕೆ."

"ಎಷ್ಟ ಮಂದಿ ಬರ್ತಾರ?"

"ಸದ್ಯಕ್ಕ ಇಬ್ಬರು."

ಆಕೆ ಮುಖ ತಿರುಗಿಸಿಕೊಂಡು ಅಡುಗೆಮನೆಗೆ ಹೋದಳು. ನಕ್ಕಳೋ ಏನೋ. ಶಿಕ್ಷಕರಿಗೆ ಕಚೇರಿ ವ್ಯವಹಾರ ತಿಳಿಯುವುದಿಲ್ಲ.

ಮಾರ್ಚ್ 12, ಬುಧವಾರ

ಆಶೀಶ ಮೂವತ್ತಾರೂ ಆಕ್ಷೇಪಣೆಗಳಿಗೆ ಉತ್ತರ ತಂದಿದ್ದ. ಓದುತ್ತಿರುವಾಗಲೇ ಮೂವತ್ತೇಳನೆಯದು ಹೊಳೆಯಿತು. ತಂತಿಯ ಮೇಲೆ ಪಾರಿವಾಳ ಕೂತು ಹರಿದರೆ ಹೊಣೆ ಯಾರದು? ಅವನ ಮುಖ ಸಣ್ಣದಾಯಿತು. ಹೈದರಾಬಾದಿನ ಹೆಡ್ ಆಫೀಸನ್ನು ಕೇಳಿ ಬರುತ್ತೇನೆ ಎಂದ.

ಚಾಂದ ಪಾಶಾ ಹತ್ತರಿಂದ ಒಂದರವರೆಗೆ ಬೆಂಚಿನ ಮೇಲಿದ್ದ. ರಂಜಾನಿನ ರೋಜಾ ಹಿಡಿದಿದ್ದಾನೆ, ಆದ್ದರಿಂದ ಚಹಾದ ಪ್ರಶ್ನೆ ಬರಲಿಲ್ಲ. ಅವನ ಅರ್ಜಿಯಲ್ಲಿ 'ವಿಷಯ' ಎಂಬ ಸಾಲೇ ಇರಲಿಲ್ಲ. ಮರಳಿಸಿದೆ.

ಲಿಲ್ಲಿ ಸಿಸ್ಟರ್ ಬಿಪಿ ನೋಡಿ ಪಟ್ಟಿಯನ್ನು ಬಿಚ್ಚಿ ಇನ್ನೊಮ್ಮೆ ಕಟ್ಟಿದರು. "ಭಾಳ ಛಲೋ ಅದ ಸಾಹೇಬ್ರ. ಗುಳಿಗಿ ಬದ್ಲಿ ಮಾಡೀರೇನು?"

ಇಲ್ಲ. ಉಪ್ಪನ್ನೂ ಕಡಿಮೆ ಮಾಡಿಲ್ಲ.

ಮಾರ್ಚ್ 21, ಶುಕ್ರವಾರ

ಅನಿರೀಕ್ಷಿತ ಬೆಳವಣಿಗೆ. ಕಂಪನಿಯವರು ಎಲ್ಲ ಷರತ್ತುಗಳಿಗೂ ಒಪ್ಪಿದ್ದಾರೆ. ಪಾರಿವಾಳಕ್ಕೂ. ಆಶೀಶ ಪೆನ್ನಿನ ಟೋಪಿ ತೆಗೆದು ಮುಂದೆ ಹಿಡಿದ. "ಇಲ್ಲೊಂದು ಸಹಿ ಸಾಹೇಬ್ರ. ಮುಗೀತು."

ಮುಗೀತು ಎಂಬ ಮಾತು ನನಗೆ ಸರಿ ಕಾಣಲಿಲ್ಲ. ಇಷ್ಟು ಅವಸರದ ಒಪ್ಪಿಗೆ ಸಂಶಯಕ್ಕೆ ಎಡೆ ಮಾಡುತ್ತದೆ. ಮೇಲಧಿಕಾರಿಯ ಶಾಯಿ ಸಹಿಯ ಮೂಲ ಪತ್ರ, ಜೊತೆಗೆ ಕಟ್ಟಡದ ಮಾಲೀಕತ್ವವನ್ನು ಕಂಪನಿ ಪರಿಶೀಲಿಸಿದೆ ಎಂಬ ದೃಢೀಕರಣ, ಇವೆರಡೂ ಬರಲಿ ಎಂದೆ. ಎರಡನೆಯದು ನನಗೆ ಆ ಕ್ಷಣದಲ್ಲೇ ಹೊಳೆದದ್ದು. ಮೂವತ್ತೈದು ವರ್ಷದ ಅನುಭವ ವ್ಯರ್ಥವಾಗಿಲ್ಲ.

ಮಾರ್ಚ್ 28, ಶುಕ್ರವಾರ

ಎರಡೂ ಪಕ್ಷಗಳನ್ನು ಸಮನಾಗಿ ಕಾಣುವುದು ನ್ಯಾಯ. ಒಬ್ಬನಿಗೆ ಕಾಗದ ಬೇಕು ಎಂದು ನಿಲ್ಲಿಸಿ ಇನ್ನೊಬ್ಬನನ್ನು ಕಾಗದವಿಲ್ಲದೆ ನಡೆಯಲು ಬಿಡುವುದು ಹೇಗೆ? ಆದ್ದರಿಂದ ಯಥಾಸ್ಥಿತಿ ಕಾಯ್ದುಕೊಳ್ಳಲು ಮಾಳಿಗೆಯ ಡಬ್ಬಿಯ ಕರೆಂಟು ತೆಗೆದು, ಅದಕ್ಕೆ ಬೀಗ ಹಾಕಿದೆ.

ಚಾಂದ ಪಾಶಾ ಓಡಿಬಂದ. "ಈದ್ ಆಗೋತನ ಆದ್ರೂ ಇರ್ಲಿ ಸಾಹೇಬ್ರ. ಮ್ಯಾಲಿನ ಮಂದಿ ನಂಗ ಬೈತಾರ."

"ಅರ್ಜಿ ಸರಿ ಬರದು ತಾ. ಬೀಗ ತೆಗೀಲಿಕ್ಕೆ ನಂಗ ಎರಡ ನಿಮಿಷ."

ಅರ್ಧ ಗಂಟೆಯೊಳಗೆ ಮೇಲಿನ ನಾಲ್ಕೂ ಮನೆಯವರು ಇಳಿದುಬಂದರು. ಒಬ್ಬರದು ಆಫೀಸಿನ ಕೆಲಸ ನಿಂತಿದೆಯಂತೆ, ಇನ್ನೊಬ್ಬರ ಮನೆಯಲ್ಲಿ ಅತ್ತೆಯ ಧಾರಾವಾಹಿ ತಪ್ಪಿದೆಯಂತೆ. ಎಲ್ಲರಿಗೂ ಬರವಣಿಗೆಯಲ್ಲಿ ಕೊಡಲು ಹೇಳಿ, ಸ್ವೀಕೃತಿಯ ಮೊಹರು ಹಾಕಿಕೊಟ್ಟೆ. ಬೆಂಚು ಸಾಲದೆ ಒಳಗಿನಿಂದ ಎರಡು ಕುರ್ಚಿ ತರಬೇಕಾಯಿತು.

ಕೆಲಸದ ಒತ್ತಡ ಹೆಚ್ಚಾಗಿದೆ. ಮಧ್ಯಾಹ್ನದ ಊಟ ಮೂರು ಗಂಟೆಗೆ.

ಮಾರ್ಚ್ 31, ಸೋಮವಾರ

ಈದ್. ಚಾಂದ ಪಾಶಾನ ಮನೆಯಿಂದ ಶೀರ್ ಖುರ್ಮಾ ಬಂತು, ಪ್ರತಿವರ್ಷದಂತೆ ದೊಡ್ಡ ಡಬ್ಬಿಯಲ್ಲಿ. ಅರ್ಜಿ ವಿಚಾರಣೆಯಲ್ಲಿರುವಾಗ ಅರ್ಜಿದಾರನಿಂದ ಏನನ್ನೂ ಸ್ವೀಕರಿಸಬಾರದು ಎಂದೆ. ಮಹಾಮಾಯಾ ಕೇಳದೆ ಎರಡು ಬಟ್ಟಲು ತಿಂದಳು. ನಾನು ಒಂದು ಬಟ್ಟಲನ್ನು ನನ್ನ ಆಕ್ಷೇಪಣೆ ದಾಖಲಿಸಿ ತಿಂದೆ.

ಏಪ್ರಿಲ್ 9, ಬುಧವಾರ

ಬಿಸಿಲು ವಿಪರೀತ. ಹನ್ನೊಂದೂವರೆಗೆ ಬೀಗದ ತಪಾಸಣೆಗೆಂದು ಮಾಳಿಗೆಗೆ ಹೋದರೆ ಅಲ್ಲಿ ಸುಜಿ ನಿಂತಿದ್ದಾಳೆ. ಇಸ್ತ್ರಿ ಮಾಡಿದ ಚೂಡಿದಾರ, ತಲೆಯ ಮೇಲೆ ಛತ್ರಿ, ಮುಖದ ಮುಂದೆ ಫೋನು. ಇಂಗ್ಲಿಷಿನಲ್ಲಿ ಯಾರೊಂದಿಗೋ ಮಾತಾಡುತ್ತ, ನೀರಿನ ಟಾಕಿಯ ಈ ಕಡೆಯಿಂದ ಆ ಕಡೆಗೆ ಹೋಗುತ್ತ, ಹಲೋ ಹಲೋ ಎನ್ನುತ್ತಿದ್ದಳು.

"ತಂಗಿ, ಈ ಜಾಗ ವಿಚಾರಣೆದಾಗ ಅದ. ಇಲ್ಲಿ ನಿಂದ್ರಬಾರದು" ಎಂದೆ.

ಫೋನಿನಿಂದ ಕಣ್ಣು ತೆಗೆಯದೆ ಛತ್ರಿ ಹಿಡಿದ ಕೈಯನ್ನೇ ಎತ್ತಿ ಕೈಮುಗಿದಂತೆ ಮಾಡಿದಳು. ನಿಯಮ ಎಲ್ಲರಿಗೂ ಒಂದೇ. ನಾನು ಅಲ್ಲೇ ನಿಂತು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಎರಡು ನಿಮಿಷಕ್ಕೆ ಆಕೆ ಫೋನು ಕೆಳಗಿಳಿಸಿ, ಛತ್ರಿ ಮಡಚಿ, ಇಳಿದು ಹೋದಳು. ಎದುರುತ್ತರವಿಲ್ಲ. ಈ ಕಾಲದ ಮಕ್ಕಳಲ್ಲಿ ಇಷ್ಟು ಶಿಸ್ತು ಅಪರೂಪ.

ಬೀಗ ಸರಿಯಾಗಿದೆ.

ಏಪ್ರಿಲ್ 11, ಶುಕ್ರವಾರ

ಲಿಲ್ಲಿ ಸಿಸ್ಟರ್ ನಿನ್ನೆಯೂ ಇವತ್ತೂ ಬಿಪಿ ನೋಡಲು ಬರಲಿಲ್ಲ. ಡ್ಯೂಟಿ ಹೆಚ್ಚಿರಬೇಕು.

ಏಪ್ರಿಲ್ 14, ಸೋಮವಾರ

ಜಯಂತಿ. ಬಿಳಿ ಅಂಗಿ ತೊಟ್ಟು ಮೆರವಣಿಗೆಗೆ ಹೋದೆವು. ದಾರಿಯಲ್ಲಿ ಚಾಂದ ಪಾಶಾ ತನ್ನ ಅಂಗಡಿಯ ಮುಂದೆ ಪೆಂಡಾಲು ಹಾಕಿ ಬಂದವರಿಗೆಲ್ಲ ಶರಬತ್ತು ಕೊಡುತ್ತಿದ್ದ. ನನ್ನನ್ನು ಕಂಡು ಮೊದಲ ಗ್ಲಾಸು ನನಗೇ ಕೊಟ್ಟ. ಡಬ್ಬಿಯ ಮಾತು ತೆಗೆಯುತ್ತಾನೆಂದು ಕಾಯುತ್ತ ನಿಂತೆ. ತೆಗೆಯಲಿಲ್ಲ. ಕೊನೆಗೆ ನಾನೇ, "ನಿನ್ನ ಅರ್ಜಿ ಏನಾತು?" ಎಂದೆ.

"ಇವತ್ತ ಬ್ಯಾಡ್ರಿ ಸಾಹೇಬ್ರ. ಇವತ್ತ ಹಬ್ಬದ ದಿನ" ಎಂದು ಇನ್ನೊಂದು ಗ್ಲಾಸು ತುಂಬಿದ.

ಏಪ್ರಿಲ್ 16, ಬುಧವಾರ

ಲಿಲ್ಲಿ ಸಿಸ್ಟರ್ ಬಂದರು. ಬಿಪಿ ಯಂತ್ರ ತಂದಿರಲಿಲ್ಲ. ಒಂದು ಹಾಳೆ ಕೊಟ್ಟರು. ಈಸ್ಟರ್ ಮುಗಿದ ಮೇಲೆ, ತಿಂಗಳ ಕೊನೆಗೆ ಮನೆ ಖಾಲಿ ಮಾಡುತ್ತಾರಂತೆ.

ಹಾಳೆಯ ಮೇಲೆ ದಿನಾಂಕ ಇರಲಿಲ್ಲ. ರೂಢಿಯ ಮೇಲೆ ಅದನ್ನೇ ತೋರಿಸಿದೆ. ಅವರು ನನ್ನ ಪೆನ್ನು ತೆಗೆದುಕೊಂಡು ನಿಂತಲ್ಲೇ ದಿನಾಂಕ ಬರೆದು, ಪೆನ್ನನ್ನು ಮೇಜಿನ ಮೇಲಿಟ್ಟು ಹೋದರು. ಕೂಡಲು ಹೇಳಿದ್ದು ಅವರಿಗೆ ಕೇಳಿಸಲಿಲ್ಲವೇನೋ. ಅಥವಾ ನಾನು ಹೇಳಲೇ ಇಲ್ಲವೇನೋ.

ಬೇಸಿಗೆ ರಜೆ, ಮಹಾಮಾಯಾ ಮನೆಯಲ್ಲೇ ಇದ್ದಳು. ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು.

"ಯಾಕ ಹೋಗ್ಲತ್ತಾರ ಕೇಳೀರೇನು?"

"ಕಾರಣ ಬರದಿಲ್ಲ."

"ಅವತ್ತ ಮಾಳಗಿ ಮ್ಯಾಲ ಸುಜಿ ಯಾರ ಸಂಗಟ ಮಾತಾಡ್ಲತ್ತಿದ್ಳು ಗೊತ್ತದೇನು? ಹೈದ್ರಾಬಾದದ ದೊಡ್ಡ ದವಾಖಾನಿದು ಇಂಟರ್‌ವ್ಯೂ. ಮನ್ಯಾಗ ನೆಟ್ ಇಲ್ಲ, ಮೊಬೈಲಿಗಿ ಸಿಗ್ನಲ್ ಮ್ಯಾಲ ಅಷ್ಟ ಬರ್ತದಂತ ಬಿಸಲಾಗ ನಿಂತಿತ್ತು ಆ ಕೂಸು. ನೀವ ಹೋಗಿ ಓಡ್ಸಿದ್ರಿ. ಬ್ಯಾರೆದವ್ರಿಗಿ ತಗೊಂಡ್ರಂತ."

ತುರ್ತು ಕಾರಣ ನಮೂದಿಸಿ ಮೊದಲೇ ಒಂದು ಅರ್ಜಿ ಕೊಟ್ಟಿದ್ದರೆ ಪರಿಗಣಿಸಬಹುದಿತ್ತು ಎಂದು ಹೇಳಲು ಹೊರಟೆ. ಹಾಳೆಯನ್ನು ಮಡಚಿ ಫೈಲಿನಲ್ಲಿಟ್ಟೆ. ಯಾಕೋ ಊಟ ಸೇರಲಿಲ್ಲ. ಬದನೆಕಾಯಿಗೆ ಉಪ್ಪು ಹೆಚ್ಚಾಗಿರಬೇಕು.

ಏಪ್ರಿಲ್ 24, ಗುರುವಾರ

ಪಿಂಚಣಿಯ ಕೆಲಸದ ಮೇಲೆ ಬ್ಯಾಂಕಿಗೆ ಹೋಗಿ ಹನ್ನೆರಡಕ್ಕೆ ಮರಳಿದೆ. ಮೇಜಿನ ಮೇಲೆ ಮೂರು ಖಾಲಿ ಕಪ್ಪು. ಕರೆಗಂಟೆ ಕಪಾಟಿನ ಮೇಲೆ ಹೋಗಿತ್ತು. ಮಹಾಮಾಯಾ ನನ್ನ ಕುರ್ಚಿಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

"ಇಬ್ಬರೂ ಬಂದಿದ್ರು. ಕರಾರು ಆಯ್ತು" ಎಂದಳು.

"ಯಾರ ಸಹಿ?"

"ನಂದು."

ನಾನೇ ಕೇಳಿದ್ದ ಮಾಲೀಕತ್ವದ ದೃಢೀಕರಣ ಹೈದರಾಬಾದಿನಿಂದ ಬಂದಿದೆ. ಅದರಲ್ಲಿ ಮಾಲೀಕರ ಹೆಸರು: ಮಹಾಮಾಯಾ ನಾಗಸೇನ. ಹದಿನಾರು ವರ್ಷದ ಹಿಂದೆ ಆಕೆಯ ಪಿ.ಎಫ್. ಹಣದಿಂದಲೇ ಜಾಗ ಕೊಂಡದ್ದು, ಖಾತೆ ಆಕೆಯ ಹೆಸರಿನಲ್ಲೇ ಇರುವುದು, ಇದೆಲ್ಲ ನನಗೆ ತಿಳಿಯದ ವಿಷಯವೇನಲ್ಲ. ಗಮನಕ್ಕೆ ಬಂದಿರಲಿಲ್ಲ, ಅಷ್ಟೇ.

"ಮೂವತ್ತೈದು ವರ್ಸ ಮಂದಿ ಖಾತಾ ನೋಡೀರಿ" ಎಂದಳು, ಸಿಟ್ಟಿಲ್ಲದೆ.

ಕರಾರು ಎಂಬುದು ಮಕ್ಕಳ ನೋಟ್‌ಬುಕ್ಕಿನ ಅರ್ಧ ಹಾಳೆ. ಮೇಲಿನ ಮನೆಯವರಿಗೆ ಯಾರ ತಂತಿ ಬೇಕೋ ಅವರದನ್ನು ಎಳೆಯಬಹುದು. ಮಾಳಿಗೆ ಹತ್ತುವ ಮೊದಲು ಕೂಗಿ ಹೇಳಬೇಕು. ಒಬ್ಬರ ತಂತಿ ಇನ್ನೊಬ್ಬರು ಕತ್ತರಿಸಬಾರದು. ಕೆಳಗೆ ಮೂರು ಸಹಿ. ಛಾಪಾ ಕಾಗದವಿಲ್ಲ, ಸಾಕ್ಷಿಗಳಿಲ್ಲ. ಹತ್ತು ವರ್ಷದ ಏಕಸ್ವಾಮ್ಯವನ್ನು ಆ ಕಂಪನಿ ಬಿಟ್ಟದ್ದಾದರೂ ಹೇಗೆ ಎಂದು ಕೇಳಿದೆ. ಆಶೀಶ ಚಹಾ ಕುಡಿಯುತ್ತ, "ಮೇಡಂ, ಇಪ್ಪತ್ಮೂರು ಸಲ ಬಂದೀನಿ. ಹೆಡ್ ಆಫೀಸಿಗಿ ನಾ ಏನರೆ ಹೇಳ್ಕೋತೀನಿ. ನೀವ ಹೇಳಿದಲ್ಲಿ ಸಹಿ ಹಾಕ್ತೀನಿ" ಎಂದನಂತೆ.

ಆಕೆ ಬೆಳ್ಳುಳ್ಳಿಯ ಕೈಯನ್ನೇ ಮುಂದೆ ಚಾಚಿದಳು. ಬೀಗದ ಕೀ ಕೊಟ್ಟೆ.

ಏಪ್ರಿಲ್ 25, ಶುಕ್ರವಾರ

ಏನೂ ಇಲ್ಲ.

ಏಪ್ರಿಲ್ 27, ಭಾನುವಾರ

ನಿನ್ನೆಯಿಂದ ಒಂದು ಪತ್ರ ಬರೆಯುತ್ತಿದ್ದೆ. ಮೊದಲ ಕರಡಿನಲ್ಲಿ 'ಆದ ಅನಾನುಕೂಲಕ್ಕೆ ವಿಷಾದಿಸಲಾಗಿದೆ' ಎಂದಿತ್ತು. ಹರಿದೆ. ಎರಡನೆಯದರಲ್ಲಿ 'ಉದ್ದೇಶಪೂರ್ವಕವಾಗಿರದ' ಎಂಬ ಪದ ನುಸುಳಿತು. ಅದನ್ನೂ ಹರಿದೆ. ಮೂರನೆಯದನ್ನು ಕಿಸೆಯಲ್ಲಿಟ್ಟುಕೊಂಡು, ಅವರು ಚರ್ಚಿನಿಂದ ಬಂದ ಮೇಲೆ ಮೆಟ್ಟಿಲು ಹತ್ತಿದೆ.

ಸುಜಿ ಬಾಗಿಲು ತೆರೆದಳು. ಹಿಂದೆ ಅರ್ಧ ಕಟ್ಟಿದ ರಟ್ಟಿನ ಡಬ್ಬಗಳು. ಪತ್ರ ತೆಗೆಯಲು ಕಿಸೆಗೆ ಕೈ ಹಾಕಿದವನು ಅದನ್ನು ಅಲ್ಲೇ ಬಿಟ್ಟೆ.

"ನಂದ ತಪ್ಪಾತು ತಂಗಿ" ಎಂದೆ.

ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡೇ ಇದ್ದಳು. "ಅಂಕಲ್, ಅವ್ರು ಕೇಳಿದ ಎರಡನೇ ಪ್ರಶ್ನೆ ನಂಗ ಬರ್ತಿತ್ತು. ಹೇಳ್ಲತ್ತಿದ್ದೆ."

ಅಷ್ಟೇ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ಒಳಗಿನಿಂದ ಲಿಲ್ಲಿ ಸಿಸ್ಟರ್, "ಸಾಹೇಬ್ರಿಗಿ ಕೂಡ್ರಂತ ಹೇಳವ್ವ" ಎಂದರು. ಕೂಡುವುದಾಗಲಿಲ್ಲ.

ಏಪ್ರಿಲ್ 29, ಮಂಗಳವಾರ

ಅವರು ಹೋದರು. ಬೇರೆ ಮನೆಗೆ ಮುಂಗಡ ಕೊಟ್ಟಾಗಿತ್ತಂತೆ, ಇರಲು ಕೇಳುವ ಹಾಗೂ ಇರಲಿಲ್ಲ. ನಾನು ಮೂರು ಡಬ್ಬ ಇಳಿಸಿಕೊಟ್ಟೆ. ನಾಲ್ಕನೆಯದಕ್ಕೆ ಹೋಗುವಷ್ಟರಲ್ಲಿ ಸಿಸ್ಟರ್ ತಡೆದು, ಆಟೋದ ಸೀಟಿನ ಮೇಲೆ ಕೂಡಿಸಿ, ಬಿಪಿ ನೋಡಿದರು. ಎಷ್ಟಿದೆ ಎಂದು ಹೇಳಲಿಲ್ಲ.

ಮೇ 19, ಸೋಮವಾರ

ಚಾಂದ ಪಾಶಾ ಬಂದಿದ್ದ. ಭಾಲ್ಕಿಯಲ್ಲಿ ಹೊಸದಾಗಿ ತಂತಿ ಎಳೆಯುತ್ತಿದ್ದಾನೆ. ಅಲ್ಲಿ ಕೇಶರಬಾಯಿ ಎಂಬ ಹಿರಿಯ ಹೆಣ್ಣುಮಗಳ ಮೂರಂತಸ್ತಿನ ಕಟ್ಟಡ. ಬರವಣಿಗೆ ಮಾಡಿಕೊಡದೆ ಮಾಳಿಗೆಗೆ ಕಾಲಿಡಬೇಡ ಎಂದಿದ್ದಾಳಂತೆ.

"ಕಾಗದದ ಕೆಲಸ ನಿಮ್ಮಂಗ ಯಾರಿಗಿ ಬರ್ತದ ಸಾಹೇಬ್ರ? ಒಂದ ದಿನ ಬರ್ರಿ."

"ನಿನ್ನ ಡಬ್ಬಿಗಿ ಬೀಗ ಹಾಕಿದಾಂವ ನಾ."

"ಹಾಕಿದ್ರಿ" ಎಂದ. "ಅದಕ್ಕ ಹೇಳ್ಲತ್ತೀನಿ. ಅಂಥಾ ಬೀಗ ಬ್ಯಾರೆದವ್ರು ಹಾಕಬಾರ್ದಂದ್ರ ಏನ ಬರೀಬೇಕು, ನಿಮಗ ಗೊತ್ತಿರ್ತದಲ್ರಿ."

ಬರುತ್ತೇನೆಂದೆ. ಲಿಖಿತ ಕೋರಿಕೆ ಕೇಳಬೇಕಿತ್ತು ಎಂಬುದು ನೆನಪಾದದ್ದು ಅವನು ಹೋಗಿ ತಾಸಾದ ಮೇಲೆ.

ಮೇ 24, ಶನಿವಾರ

ಭಾಲ್ಕಿಗೆ ಹೋಗಿ ಬಂದೆ. ಚಾಂದ ಪಾಶಾನ ಮೋಟರ್‌ಸೈಕಲ್ ಹಿಂದೆ, ತೊಡೆಯ ಮೇಲೆ ನಲವತ್ತೊಂದು ಷರತ್ತುಗಳ ಕರಡಿನ ಫೈಲು. ನಾಲ್ಕು ದಿನ ಕೂತು ಬರೆದದ್ದು, ಈ ವಿಷಯದಲ್ಲಿ ಇದಕ್ಕಿಂತ ಬಿಗಿಯಾದ ಕರಾರು ಜಿಲ್ಲೆಯಲ್ಲಿ ಇರಲಾರದು.

ಕೇಶರಬಾಯಿಗೆ ಎಪ್ಪತ್ತು ದಾಟಿದೆ. ಮೂಲ ಭಾತಂಬ್ರಾದವಳು. ನಮ್ಮನ್ನು ಒಂದು ತಾಸು ಹೊರಗೆ ಕೂಡಿಸಿ, ಸ್ನಾನ ಮುಗಿಸಿ ಬಂದಳು. ಹಿರಿಯರು, ನಡೆಯುತ್ತದೆ. ನಾನು ಫೈಲು ಬಿಚ್ಚಿ ಮೊದಲನೆಯ ಷರತ್ತು ಓದಿದೆ. ಎರಡನೆಯದನ್ನು ಓದಿದೆ. ಮೂರನೆಯದರ ಅರ್ಧಕ್ಕೆ ಆಕೆ ಕೈ ಎತ್ತಿದಳು.

"ಅಣ್ಣಾ, ಇದೆಲ್ಲ ಯಾರ ಸಲುವಾಗಿ?"

"ನಿಮ್ಮ ಸಲುವಾಗೇ ರೀ. ನಿಮ್ಮ ಹಕ್ಕು."

"ನಂದ ಒಂದ ಮಾತದ, ಅದ ಬರೀರಿ. ಬ್ಯಾಸಗಿ ನಾಕ ತಿಂಗಳು ಮಾಳಗಿ ತುಂಬ ಸಂಡಗಿ ಇಟ್ಟಿರ್ತೀನಿ. ಹೋದ ವರ್ಸ ಒಬ್ಬಾಂವ ತಂತಿ ಜಗ್ಗಲಿಕ್ಕೆ ಬಂದು ಬೂಟಗಾಲೀಲೆ ಎಲ್ಲಾ ತುಳದು ಹೋದ. ಹಂಗ ತುಳೀಬಾರ್ದು."

"ಮತ್ತೇನ್ರಿ?"

"ಮತ್ತೇನಿಲ್ಲ."

ಫೈಲು ಮುಚ್ಚಿ, ಹಿಂಬದಿಯ ಖಾಲಿ ಹಾಳೆಯ ಮೇಲೆ ಅದನ್ನೇ ಬರೆದೆ. ತಂತಿಯ ಕೆಲಸಕ್ಕೆ ಬರುವವರು ಬೂಟು ಕಳಚಿ ಹತ್ತಬೇಕು, ಸಂಡಿಗೆ ತುಳಿಯಬಾರದು. ಆಕೆಗೆ ಓದಲು ಬರುವುದಿಲ್ಲ, ಎರಡು ಸಲ ಓದಿಸಿಕೊಂಡಳು. ಸಹಿ ಮಾಡಲು ಮಾತ್ರ ಕಲಿತಿದ್ದಾಳೆ. ಒಂದೊಂದೇ ಅಕ್ಷರ ಕೂಡಿಸುತ್ತ ತನ್ನ ಹೆಸರು ಬರೆಯುವಾಗ ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ಹಿಡಿದುಕೊಂಡು ಕೂತೆ. ಚಾಂದ ಪಾಶಾ ಸಹಿ ಹಾಕಿ, ಅಲ್ಲೇ ತನ್ನ ಬೂಟು ಕಳಚಿಟ್ಟ.

"ನೀವ ಯಾವ ಆಫೀಸಿನವ್ರು?" ಎಂದು ಆಕೆ ಕೇಳಿದಳು.

"ಯಾವುದೂ ಇಲ್ರಿ. ಇವನ ಸಂಗಟ ಬಂದೀನಿ."

"ಹಂಗಾರ ಒಂದ ಕೆಲಸ ಮಾಡ್ರಿ. ನಂಗ ಮೊಣಕಾಲು ನೋವು. ಮ್ಯಾಲ ಹೋಗಿ ಸಂಡಗಿ ಒಂದ ಸಲ ಹೊಳ್ಳಿ ಹಾಕಿ ಬರ್ರಿ."

ಹೋದೆ. ಹಳೆಯ ಸೀರೆಯ ಮೇಲೆ ಆರು ಸಾಲು ಇದ್ದವು. ಬಿಸಿಲಿಗೆ ಕಾಲು ಸುಡುತ್ತಿತ್ತು. ಕುಕ್ಕರುಗಾಲಿನಲ್ಲಿ ಕೂತು ಐದು ಸಾಲು ತಿರುವಿದೆ. ಕೊನೆಯ ಸಾಲು ಇನ್ನೂ ಹಸಿಯಾಗಿತ್ತು, ಎತ್ತಿದರೆ ಮುರಿಯುವ ಹಾಗಿತ್ತು. ಅದನ್ನು ಮುಟ್ಟದೆ ಕೆಳಗಿಳಿದು ಬಂದು ಆಕೆಗೆ ಹಾಗೆಯೇ ಹೇಳಿದೆ. ಸರಿ ಮಾಡಿದ್ರಿ ಎಂದಳು.